ಮೂತ್ರಕೋಶಕ್ಕೊಂದು ಹೊಸ ಕಾಲುವೆ: ಶಸ್ತ್ರಚಿಕಿತ್ಸೆಯ ಚರಿತ್ರೆ ಮತ್ತು ಗ್ರಾಮೀಣ ಬದುಕು

ಮೂತ್ರವಿಸರ್ಜನೆಯನ್ನು ನೇರವಾಗಿ ಹೆಸರಿಸಲು ಕನ್ನಡದ ಆಡುನುಡಿ ಹಿಂಜರಿಯುತ್ತದೆ. ‘ಒಂದಕ್ಕೆ ಹೋಗುವುದು’, ‘ಜಲಬಾಧೆ’ ಎಂಬ ಮರೆಮಾತುಗಳು ಇದಕ್ಕೆ ಸಾಕ್ಷಿ. ಆದರೆ ಅದು ನಿಂತುಹೋದಾಗ ಜನ ಸಂಕೋಚ ಬಿಟ್ಟು ‘ಉಚ್ಚೆ ಕಟ್ಟಿದೆ’ ಎನ್ನುತ್ತಾರೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳನ್ನೊಳಗೊಂಡ ಹಳೆಯ ಮೈಸೂರು ಸೀಮೆಯ ಮನೆಮದ್ದಿನಲ್ಲಿ ಬಾಳೆದಿಂಡು, ಹುರುಳಿಕಟ್ಟು, ನೆಗ್ಗಿಲುಮುಳ್ಳುಗಳಿಗೆ ಸ್ಥಾನವಿದೆ. ಇವು ಮೂತ್ರವನ್ನು ಹೆಚ್ಚಿಸಿ ಕಲ್ಲನ್ನು ಹೊರದೂಡುತ್ತವೆಂಬುದು ನಂಬಿಕೆ. ಆದರೆ ಮರದಿಂದ ಬಿದ್ದು ಬೆನ್ನುಹುರಿ ಘಾಸಿಗೊಂಡವರಿಗೂ ಹುಟ್ಟಿನಿಂದಲೇ ಬೆನ್ನುಹುರಿಯ ದೋಷವುಳ್ಳ ಮಕ್ಕಳಿಗೂ ಇವು ನೆರವಾಗವು. ಅಲ್ಲಿ ಕೆಟ್ಟಿರುವುದು ಮೂತ್ರಕೋಶವನ್ನು ಆಳುವ ನರ. ಒಳಗುಳಿದ ಮೂತ್ರದ ಒತ್ತಡ ಕ್ರಮೇಣ ಮೂತ್ರಪಿಂಡಗಳನ್ನೇ ಹಾಳುಮಾಡಬಲ್ಲದು.

ನಳಿಕೆಯಿಂದ ದಾರಿ ಬಿಡಿಸುವ ಯತ್ನ ಪ್ರಾಚೀನವಾದುದು. ಶಿಶ್ನದ ಮುಂದೊಗಲು ಬಿಗಿದು ಮೂತ್ರಕ್ಕೆ ತಡೆಯಾಗುವ ನಿರುದ್ಧಪ್ರಕಶವೆಂಬ ರೋಗಕ್ಕೆ, ಲೋಹ, ಮರ ಅಥವಾ ಅರಗಿನಿಂದ ಮಾಡಿದ, ಎರಡೂ ಕಡೆ ಬಾಯಿಯುಳ್ಳ ನಳಿಕೆಯನ್ನು ತುಪ್ಪ ಸವರಿ ತೂರಿಸಬೇಕೆಂದು ಸುಶ್ರುತಸಂಹಿತೆ ವಿಧಿಸುತ್ತದೆ. ಮೂರು ಮೂರು ದಿನಕ್ಕೊಮ್ಮೆ ಹೆಚ್ಚು ದಪ್ಪನೆಯ ನಳಿಕೆಯನ್ನು ಬಳಸಬೇಕೆನ್ನುತ್ತದೆ. ದಾರಿ ಮಾಡುವುದಕ್ಕಿಂತ ಅದನ್ನು ತೆರೆದಿಡುವುದು ಕಷ್ಟವೆಂಬ ಅರಿವು ಇಲ್ಲಿದೆ.

1972ರಲ್ಲಿ ಅಮೆರಿಕದ ಜಾಕ್ ಲ್ಯಾಪಿಡಿಸ್, ರೋಗಿಯು ಶುದ್ಧವಾದ ಕೈಗಳಿಂದ ದಿನಕ್ಕೆ ಹಲವು ಬಾರಿ ತಾನೇ ಕ್ಯಾತಿಟರ್ ಹಾಕಿಕೊಳ್ಳಬಹುದೆಂದು ತೋರಿಸಿದನು. ಆಸ್ಪತ್ರೆಯ ಕ್ರಿಮಿರಹಿತ ಏರ್ಪಾಡು ಅನಿವಾರ್ಯವಲ್ಲವೆಂಬುದು ಆಗ ಹೊಸ ವಿಚಾರ. ಆದರೆ ಗಾಲಿಕುರ್ಚಿಯಲ್ಲಿರುವವರಿಗೆ, ವಿಶೇಷವಾಗಿ ಹೆಣ್ಣುಮಕ್ಕಳಿಗೆ, ಸಹಜ ಮಾರ್ಗವನ್ನು ತಲುಪುವುದೇ ದುಸ್ತರ. ಈ ತೊಡಕಿಗೂ ಉತ್ತರವಾದದ್ದು ಫ್ರಾನ್ಸಿನ ಪಾಲ್ ಮಿತ್ರೊಫಾನಾಫ್ 1980ರಲ್ಲಿ ಪ್ರಕಟಿಸಿದ ವಿಧಾನ. ನಿರುಪಯುಕ್ತವೆನಿಸಿದ್ದ ಅಪೆಂಡಿಕ್ಸನ್ನು ರಕ್ತನಾಳಸಹಿತ ಬಿಡಿಸಿ, ಒಂದು ತುದಿಯನ್ನು ಮೂತ್ರಕೋಶದ ಒಳಪದರದಡಿ ಹಾಯಿಸಿ, ಇನ್ನೊಂದನ್ನು ಹೊಟ್ಟೆಯ ಚರ್ಮಕ್ಕೆ ತೆರೆಯಲಾಯಿತು. ಕೋಶ ತುಂಬಿದಂತೆ ಅದರ ಒತ್ತಡವೇ ನಾಳವನ್ನು ಅದುಮಿ ಮುಚ್ಚುತ್ತದೆ. ಕ್ಯಾತಿಟರ್ ತೂರಿಸಿದಾಗ ಮಾತ್ರ ಮೂತ್ರ ಹೊರಬರುತ್ತದೆ. ಕೆರೆಯ ತೂಬನ್ನು ಬಲ್ಲ ರೈತನಿಗೆ ಈ ತತ್ತ್ವವನ್ನು ವಿವರಿಸುವುದು ಕಷ್ಟವಲ್ಲ. ಅಪೆಂಡಿಕ್ಸ್ ಇಲ್ಲದವರಿಗಾಗಿ ಯಾಂಗ್ 1993ರಲ್ಲೂ ಮೋಂಟಿ 1997ರಲ್ಲೂ ಸಣ್ಣಕರುಳಿನ ಕಿರುತುಂಡನ್ನು ಸೀಳಿ, ಅಡ್ಡಲಾಗಿ ಸುರುಳಿಮಾಡಿ ನಾಳ ರಚಿಸುವ ಕ್ರಮವನ್ನು ನಿರೂಪಿಸಿದರು.

ಇಷ್ಟಾದರೂ ಸುಶ್ರುತಸಂಹಿತೆ ಎದುರಿಸಿದ ಸಮಸ್ಯೆ ಉಳಿದೇ ಇದೆ. ಚರ್ಮದಲ್ಲಿನ ಬಾಯಿ ಕಿರಿದಾಗುವುದು ಈ ಶಸ್ತ್ರಚಿಕಿತ್ಸೆಯ ಸಾಮಾನ್ಯ ತೊಡಕು. ಹಿಗ್ಗಿಸುವುದು, ಕೆಲವೊಮ್ಮೆ ಮರುಶಸ್ತ್ರಚಿಕಿತ್ಸೆ ಅಗತ್ಯವಾಗುತ್ತದೆ. ಚುಂಚನಕಟ್ಟೆಯ ನಾಲೆಯಿರಲಿ, ಕಬಿನಿಯ ನಾಲೆಯಿರಲಿ, ಕಟ್ಟಿದ ಮಾತ್ರಕ್ಕೆ ನೀರು ಹರಿಯುವುದಿಲ್ಲ. ಹೂಳೆತ್ತುವವರೂ ನೀರುಗಂಟಿಯೂ ಬೇಕು. ಶಸ್ತ್ರಚಿಕಿತ್ಸೆ ನಗರದ ಆಸ್ಪತ್ರೆಯಲ್ಲಿ ಕೆಲವೇ ಗಂಟೆಗಳಲ್ಲಿ ಮುಗಿದೀತು. ನಾಳವನ್ನು ಜೀವನಪರ್ಯಂತ ಕಾಯುವುದು ಮಾತ್ರ ಮನೆಯಲ್ಲಿ, ಶಾಲೆಯಲ್ಲಿ, ಕಾಡಂಚಿನ ಹಾಡಿಯಲ್ಲಿ. ಶುದ್ಧ ನೀರು, ನಿಯತವಾಗಿ ದೊರೆಯುವ ಕ್ಯಾತಿಟರ್, ಮರೆಯಾದ ಜಾಗ, ಇವಿಲ್ಲದಿದ್ದರೆ ತಂತ್ರದ ಫಲ ರೋಗಿಗೆ ದಕ್ಕದು. ಮರೆಮಾತುಗಳ ಹಿಂದೆ ನೋವನ್ನು ಅಡಗಿಸಿಡುವ ಸಮಾಜವು ಇದನ್ನು ಬಾಯಿಬಿಟ್ಟು ಮಾತನಾಡುವುದೂ ಚಿಕಿತ್ಸೆಯ ಭಾಗವೇ ಆಗಿದೆ.