ಹದಿನೈದು ರೂಪಾಯಿಯ ಪಹಣಿ

ಮೈಸೂರು ಜಿಲ್ಲೆಯಿಂದ ಚಾಮರಾಜನಗರ 1997ರಲ್ಲಿ ಬೇರ್ಪಟ್ಟಾಗ ಗುಂಡ್ಲುಪೇಟೆಯ ರೈತನಿಗೆ ಜಿಲ್ಲಾ ಕಚೇರಿ ಹತ್ತಿರವಾಯಿತು. ಬೆಳೆಸಾಲಕ್ಕೆ ಬೇಕಾದ ಪಹಣಿ ಮಾತ್ರ ಗ್ರಾಮಲೆಕ್ಕಿಗರ ಕೈಯಲ್ಲೇ ಉಳಿಯಿತು. ಅವರು ಸಿಕ್ಕ ದಿನವೇ ಸುದಿನ! ಕೈಬರಹದ ಪುಸ್ತಕದಲ್ಲಿ ಯಾರ ಹೆಸರಿದೆಯೆಂದು ತಿಳಿಯಲೂ ಅವರನ್ನೇ ಕೇಳಬೇಕಿತ್ತು.

'ಭೂಮಿ' ಯೋಜನೆಯಿಂದ 2002ರ ಹೊತ್ತಿಗೆ ಗುಂಡ್ಲುಪೇಟೆ, ಚಾಮರಾಜನಗರವೂ ಸೇರಿ ರಾಜ್ಯದ 177 ತಾಲ್ಲೂಕುಗಳ ಪಹಣಿ ಗಣಕಯಂತ್ರ ಸೇರಿತು. ಆಗ 15 ರೂಪಾಯಿಗೆ ಮುದ್ರಿತ ಪಹಣಿ ಸಿಗುತ್ತಿತ್ತು. ಅದಕ್ಕಿಂತ ಸೋಜಿಗದ ಸಂಗತಿಯೆಂದರೆ, ಕಿಟಕಿಯಲ್ಲಿ ರೈತನ ಕಡೆಗೇ ಮುಖಮಾಡಿ ಎರಡನೆಯ ಪರದೆಯೊಂದನ್ನು ಇಡುವ ಏರ್ಪಾಡು. ತನ್ನ ಸರ್ವೆ ನಂಬರಿನ ಮುಂದೆ ಏನಿದೆಯೆಂದು ಯಾರನ್ನೂ ಕೇಳದೆ ನೋಡಬಹುದಿತ್ತು. ಖಾತೆ ಬದಲಾವಣೆಯ ಅರ್ಜಿಗಳಿಗೂ ಸರದಿಯ ನಿಯಮ ಬಂತು.

ಹಳೆಯ ಪುಸ್ತಕದ ತಪ್ಪುಗಳು ಗಣಕಕ್ಕೂ ಇಳಿದದ್ದುಂಟು. ತಿದ್ದುಪಡಿಗೆ ಮತ್ತದೇ ಅಲೆದಾಟ. ಆದರೆ ತಪ್ಪು ಎಲ್ಲಿದೆಯೆಂಬುದು ಕಚೇರಿಯ ಕಿಟಕಿಯಲ್ಲೇ ರೈತನ ಕಣ್ಣಿಗೆ ಬೀಳುತ್ತಿತ್ತು.