ರದ್ದಿಯಲ್ಲಿ ಹುಟ್ಟಿದ ಜಾತ್ರೆ

ಕಳೆದ ತಿಂಗಳ ಒಂದು ಭಾನುವಾರ ನಮ್ಮ ಮನೆಯ ಮೂರು ತಲೆಮಾರಿನವರು ಒಟ್ಟಾಗಿ ಚಿತ್ರಕಥೆಗಳ ಜಾತ್ರೆಗೆ ಹೋಗಿ ಬಂದೆವು. ಜಾತ್ರೆಯೆಂದೊಡನೆ ಓದುಗರು ದೊಡ್ಡದೇನನ್ನೂ ಕಲ್ಪಿಸಿಕೊಳ್ಳಬೇಕಾಗಿಲ್ಲ. ಬೆಂಗಳೂರಿನ ಒಂದು ಬಡಾವಣೆಯ ಸಭಾಭವನ. ಗೋಡೆಯುದ್ದಕ್ಕೂ ಇಪ್ಪತ್ತು ಮೇಜು. ಮೇಜುಗಳ ಮೇಲೆ ಹಳೆಯ, ಹೊಸ ಕಾಮಿಕ್ಸ್ ಪುಸ್ತಕಗಳು. ಮೂಲೆಯಲ್ಲಿ ಮಕ್ಕಳ ಮುಖ ನೋಡಿ ಚಿತ್ರ ಬರೆದುಕೊಡುತ್ತಿದ್ದ ಒಬ್ಬ ತರುಣ. ಹೊರಗೆ ಕಾಫಿ, ಬೋಂಡ. ಇಷ್ಟೇ. ಮಗಳ ಹಟಕ್ಕೆ ನಾವು ಗಂಡಹೆಂಡಿರು ಹೊರಟೆವು. ಎಂಬತ್ತರ ಹತ್ತಿರ ಬಂದಿರುವ ನಮ್ಮ ತಂದೆಯವರು, ಮನೆಯಲ್ಲಿ ಒಬ್ಬರೇ ಕೂರಲು ಬೇಸರವಾಗಿ ಜೊತೆಗೆ ಬಂದರು. ಬಾಗಿಲಲ್ಲಿ ಕಪ್ಪು ಮುಸುಕು ತೊಟ್ಟು ನಿಂತಿದ್ದ ಹುಡುಗನನ್ನು ಕಂಡು, "ಯಾವ ಪಾತ್ರವಪ್ಪ ನಿನ್ನದು?" ಎಂದು ನಾಟಕ ಕಂಪನಿಯ ನಟನನ್ನು ವಿಚಾರಿಸುವಂತೆ ವಿಚಾರಿಸಿದರು. "ಬ್ಯಾಟ್‌ಮ್ಯಾನ್, ತಾತ" ಎಂದು ಅವನೂ ಅಷ್ಟೇ ಗಂಭೀರವಾಗಿ ಉತ್ತರವಿತ್ತ.

ನಾನು ಹುಡುಗನಾಗಿದ್ದಾಗ ಸಮಾಜಪಾಠದ ಪುಸ್ತಕದ ನಡುವೆ ಇಟ್ಟು ಓದುತ್ತಿದ್ದ ಕಾಮಿಕ್ಸನ್ನು ಕಿತ್ತುಕೊಂಡು ಅಟ್ಟಕ್ಕೆ ಎಸೆಯುತ್ತಿದ್ದವರು ಇದೇ ತಂದೆಯವರು! ಅಂಥವರು ಈ ಜಾತ್ರೆಯಲ್ಲಿ ಮೊಮ್ಮಗಳ ಕೈ ಹಿಡಿದು ನಡೆದದ್ದನ್ನು ಕಂಡು ನನಗೆ ನಗು ಬಂದಿತು. ಆದರೆ ಇಂಥ ಜಾತ್ರೆಗಳ ಚರಿತ್ರೆಯನ್ನು ನೋಡಿದರೆ, ಹಿರಿಯರು ಎಸೆದದ್ದನ್ನು ಕಿರಿಯರು ಹೆಕ್ಕಿ ಇಟ್ಟುಕೊಂಡದ್ದೇ ಇವುಗಳ ಮೂಲವೆಂದು ತಿಳಿಯುತ್ತದೆ.

ಇವುಗಳ ತವರು ಅಮೆರಿಕ. ಅಲ್ಲಿ ಅಗ್ಗದ ಕಾಗದದ ಮೇಲೆ ಅಚ್ಚಾಗಿ ಹತ್ತು ಸೆಂಟಿಗೆ ಬಿಕರಿಯಾಗುತ್ತಿದ್ದ ಈ ಪುಸ್ತಕಗಳು ಎರಡನೆಯ ಮಹಾಯುದ್ಧದ ಕಾಲದಲ್ಲಿ ರದ್ದಿ ಕಾಗದದ ಸಂಗ್ರಹಕ್ಕೆ ರಾಶಿರಾಶಿಯಾಗಿ ಹೋದವು. ೧೯೪೮ರ ಸುಮಾರಿಗೆ ಕೆಲವು ಊರುಗಳಲ್ಲಿ ಇವನ್ನು ಶಾಲೆಯ ಅಂಗಳದಲ್ಲೇ ಗುಡ್ಡೆ ಹಾಕಿ ಸುಟ್ಟರು. ೧೯೫೪ರಲ್ಲಿ ಫ್ರೆಡ್ರಿಕ್ ವರ್ಥಾಮ್ ಎಂಬ ಮನೋವೈದ್ಯರು ಇವು ಮಕ್ಕಳನ್ನು ಕೆಡಿಸುತ್ತವೆಂದು ಒಂದು ಗ್ರಂಥವನ್ನೇ ಬರೆದರು. ಅದೇ ವರ್ಷ ಸೆನೆಟ್ಟಿನ ಉಪಸಮಿತಿಯೊಂದು ವಿಚಾರಣೆ ನಡೆಸಿತು. ಹೆದರಿದ ಪ್ರಕಾಶಕರು ತಮಗೆ ತಾವೇ ಕಟ್ಟುಪಾಡು ಹಾಕಿಕೊಂಡರು.

ಉಳಿದ ಪ್ರತಿಗಳು ಇದ್ದುದು ಹಟಮಾರಿ ಹುಡುಗರ ಪೆಟ್ಟಿಗೆಗಳಲ್ಲಿ. ಕಾಮಿಕ್ಸ್ ಪುಸ್ತಕಗಳ ಓದುಗರ ಪತ್ರಗಳ ಪುಟದಲ್ಲಿ ಬರೆದವರ ವಿಳಾಸವೂ ಅಚ್ಚಾಗತೊಡಗಿದಾಗ ಈ ಹುಡುಗರಿಗೆ ಪರಸ್ಪರ ಪರಿಚಯವಾಯಿತು. "ನಿನ್ನಲ್ಲಿರುವುದನ್ನು ಕೊಡು, ನನ್ನಲ್ಲಿರುವುದನ್ನು ಕೊಡುತ್ತೇನೆ" ಎಂಬ ಪತ್ರವ್ಯವಹಾರ ಬೆಳೆಯಿತು. ೧೯೬೧ರಲ್ಲಿ ಜೆರ್ರಿ ಬೇಲ್ಸ್ ಎಂಬ ಅಭಿಮಾನಿ 'ಆಲ್ಟರ್ ಈಗೋ' ಎಂಬ ಪುಟ್ಟ ಪತ್ರಿಕೆಯನ್ನು ತಾವೇ ಪ್ರತಿ ತೆಗೆದು ಹಂಚಿದರು. ೧೯೬೪ರ ಜುಲೈ ೨೭ರಂದು ನ್ಯೂಯಾರ್ಕಿನಲ್ಲಿ ಇಂಥವರು ಒಂದು ದಿನದ ಮಟ್ಟಿಗೆ ಒಂದೆಡೆ ಕೂಡಿದರು. ೧೯೭೦ರ ಮಾರ್ಚ್ ೨೧ರಂದು ಸ್ಯಾನ್ ಡಿಯೇಗೋ ನಗರದ ಒಂದು ಹೋಟೆಲಿನಲ್ಲಿ ಶೆಲ್ ಡಾರ್ಫ್ ಮತ್ತು ಸಂಗಡಿಗರು ನಡೆಸಿದ ಒಂದು ದಿನದ ಕೂಟಕ್ಕೆ ಬಂದವರು ನೂರರ ಆಸುಪಾಸು. ಇಂದು ಅದೇ ಜಾತ್ರೆಗೆ ಲಕ್ಷಕ್ಕೂ ಮಿಕ್ಕಿ ಜನ ಸೇರುತ್ತಾರೆ.

ನಮ್ಮ ದೇಶಕ್ಕೆ ಇದು ಬಂದದ್ದು ತಡವಾಗಿ. ೨೦೧೧ರ ಫೆಬ್ರವರಿಯಲ್ಲಿ ದೆಹಲಿಯ ದಿಲ್ಲಿ ಹಾಟ್‌ನಲ್ಲಿ ಮೊದಲ ಕಾಮಿಕ್ ಕಾನ್ ನಡೆಯಿತು. ಮರುವರ್ಷ ಬೆಂಗಳೂರಿನಲ್ಲಿಯೂ ನಡೆಯಿತು. ದೆಹಲಿಯ ಆ ಮೊದಲ ಜಾತ್ರೆಯಲ್ಲಿ ಜೀವಮಾನ ಸಾಧನೆಯ ಗೌರವ ಸಂದದ್ದು ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಗಳಿಗೆ. ಅದಾದ ಕೆಲವೇ ದಿನಗಳಲ್ಲಿ, ಫೆಬ್ರವರಿ ೨೪ರಂದು, ಅವರು ತೀರಿಕೊಂಡರು.

ಪೈಗಳು ಸಂಪಾದಿಸಿದ 'ಅಮರ ಚಿತ್ರ ಕಥೆ' ಮಾಲೆಯನ್ನು ಅರಿಯದ ಮನೆಯಿಲ್ಲ. ಆದರೆ ಇಂಗ್ಲಿಷಿನಲ್ಲಿ ಅದರ 'ಕೃಷ್ಣ' ಪುಸ್ತಕದ ಸಂಖ್ಯೆ ಒಂದಲ್ಲ, ಹನ್ನೊಂದು. ಮೊದಲ ಹತ್ತು ಎಲ್ಲಿ ಹೋದವು? ಅವು ಸಿಂಡರೆಲಾ ಮೊದಲಾದ ಪಾಶ್ಚಾತ್ಯ ಕಿನ್ನರಕಥೆಗಳು. ೧೯೬೫ರಲ್ಲಿ ಆ ಮಾಲೆ ಮೊದಲು ಹೊರಬಂದದ್ದು ಕನ್ನಡದಲ್ಲಿ. ತಂದವರು ಇಂಡಿಯಾ ಬುಕ್ ಹೌಸಿನ ಪರವಾಗಿ ಬೆಂಗಳೂರಿನ ಜಿ. ಕೆ. ಅನಂತರಾಮ್. ಇದು ಕರ್ನಾಟಕದಲ್ಲಿ ಆರಂಭವಾಯಿತೆಂಬುದು ಕರ್ನಾಟಕದವರಿಗೇ ತಿಳಿಯದೆಂದು ಅನಂತರಾಮ್ ಅವರೇ ಹೇಳಿದ್ದುಂಟು. ಕನ್ನಡ ಪಾಠ ಹೇಳುವ ನನಗೂ ಇದು ತಿಳಿದದ್ದು ನಲವತ್ತು ದಾಟಿದ ಮೇಲೆ.

ಸಭಾಭವನದಲ್ಲಿ ಮೇಜಿನಿಂದ ಮೇಜಿಗೆ ಹೋಗಿ, "ಕನ್ನಡದವು ಇವೆಯೆ?" ಎಂದು ಕೇಳಿದೆ. ಇಂಗ್ಲಿಷಿನವು ಬೇಕಾದಷ್ಟಿದ್ದವು, ಹಿಂದಿಯವೂ ಇದ್ದವು. ಕೊನೆಗೆ ಒಬ್ಬ ತರುಣ ಪೆಟ್ಟಿಗೆಯ ತಳದಿಂದ ಒಂದು ಕನ್ನಡ ಚಿತ್ರಕಥೆಯನ್ನು ತೆಗೆದ. ಹೊದಿಕೆ ಇರಲಿಲ್ಲ, ಕೊನೆಯ ಪುಟವೂ ಇರಲಿಲ್ಲ. "ಇದೊಂದೇ ಸರ್. ಕನ್ನಡದವನ್ನು ಯಾರೂ ಇಟ್ಟುಕೊಂಡಿಲ್ಲ" ಎಂದ. ಪಕ್ಕದಲ್ಲಿ ನಿಂತಿದ್ದ ತಂದೆಯವರು ಅದನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಬಳಿಕ, "ಅಟ್ಟದ ಮೇಲೆ ಒಂದು ಮೂಟೆ ಇತ್ತು. ನೀನು ಕಾಲೇಜಿಗೆ ಸೇರಿದ ವರ್ಷ ತೂಕಕ್ಕೆ ಹಾಕಿಬಿಟ್ಟೆ. ಕೇಳಬೇಕಾಗಿತ್ತು" ಎಂದರು. ನಾನೇನೂ ಹೇಳಲಿಲ್ಲ. ಮೂಟೆ ಹೋದಾಗ ನಾನೂ ಮನೆಯಲ್ಲಿಯೇ ಇದ್ದೆ. ಕಾಲೇಜು ಸೇರಿದ ಜಂಬದಲ್ಲಿ ಬೇಡವೆನ್ನಲಿಲ್ಲ. ಆ ಹರಕು ಪುಸ್ತಕಕ್ಕೆ ತರುಣ ಕೇಳಿದಷ್ಟು ಹಣವನ್ನು ತಂದೆಯವರೇ ಕೊಟ್ಟರು, ಚೌಕಾಸಿ ಮಾಡಲಿಲ್ಲ.

ನಮ್ಮ ಶಾಸನಗಳನ್ನು ಕಲ್ಲು ಕಾಪಾಡಿತು. ಓಲೆಗರಿಗಳನ್ನು ಮಠಗಳೂ ಮನೆತನಗಳೂ ಕಾಪಾಡಿದವು. ಮಕ್ಕಳು ಓದಿ ನಕ್ಕ ಪುಸ್ತಕವನ್ನು ಕಾಪಾಡಬೇಕಾದವರು ಮಕ್ಕಳೇ, ಮಕ್ಕಳಾಗಿದ್ದವರೇ. ಆ ಸಣ್ಣ ಸಭಾಭವನದಲ್ಲಿ ಕೂಡಿದ್ದವರು ಮಾಡುತ್ತಿದ್ದುದು ಈ ಕೆಲಸವನ್ನು. ಓದುಗರಲ್ಲಿ ನನ್ನದೊಂದು ಬಿನ್ನಹ: ಮುಂದಿನ ಸಲ ಹಳೆ ಪೇಪರಿನವನು ಬೀದಿಯಲ್ಲಿ ಕೂಗಿದಾಗ, ತಕ್ಕಡಿಗೆ ಹಾಕುವ ಮೊದಲು ಕಟ್ಟನ್ನೊಮ್ಮೆ ಬಿಚ್ಚಿ ನೋಡಿ.