ಮೌನಕ್ಕೆ ಎಚ್ಚೆತ್ತುಕೊಳ್ಳುವ ಕಾವಲುಗಾರ

ಊರು ಬಿಟ್ಟು ಬಂದ ನಮಗೆಲ್ಲ ‘ಉಭಯ ಕುಶಲೋಪರಿ’ಯ ಕಾಗದದ ಬೆಲೆ ಗೊತ್ತು. ತಪ್ಪದೆ ಬರುತ್ತಿದ್ದ ಕಾಗದ ಒಂದು ವಾರ ಬಾರದಿದ್ದರೆ ಊರಿನಲ್ಲಿ ತಾಯಿಗೆ ನಿದ್ದೆ ಹತ್ತುತ್ತಿರಲಿಲ್ಲ. ಇನ್ನೊಂದು ವಾರ ಕಳೆದರೆ ತಂತಿಯೇ ಬರುತ್ತಿತ್ತು. ಒಕ್ಕಣೆಗಿಂತ ಕಾಗದ ಬರುವುದೇ ಮುಖ್ಯವಾಗಿತ್ತು.

ಕಂಪ್ಯೂಟರುಗಳಲ್ಲಿರುವ ‘ವಾಚ್‌ಡಾಗ್ ಟೈಮರ್’ ಎಂಬ ಕಾವಲು ಗಡಿಯಾರದ ತತ್ವವೂ ಇಷ್ಟೇ. ಅದು ಒಂದು ಗಡುವಿನಿಂದ ಸೊನ್ನೆಯ ಕಡೆಗೆ ಎಣಿಸುತ್ತಿರುತ್ತದೆ. ಪ್ರೋಗ್ರಾಂ ಸರಿಯಾಗಿ ನಡೆಯುತ್ತಿದ್ದರೆ ಆಗಾಗ ‘ಕ್ಷೇಮ’ ಎಂದು ತಿಳಿಸಿ ಎಣಿಕೆಯನ್ನು ಮೊದಲಿಗೆ ತರುತ್ತದೆ. ಎಲ್ಲೋ ಸಿಕ್ಕಿಬಿದ್ದು ಮೌನವಾದರೆ ಎಣಿಕೆ ಸೊನ್ನೆ ಮುಟ್ಟುತ್ತದೆ. ಟೈಮರ್ ಯಾರನ್ನೂ ಕೇಳದೆ ಯಂತ್ರವನ್ನು ಮೊದಲಿನಿಂದ ಆರಂಭಿಸುತ್ತದೆ.

ಇದರ ಬೆಲೆ ತಿಳಿಯಲು ಎರಡು ನೌಕೆಗಳ ಕತೆ ಸಾಕು. 1994ರ ಜನವರಿ 25ರಂದು ಹೊರಟ ಅಮೆರಿಕದ ‘ಕ್ಲೆಮೆಂಟೈನ್’ ಚಂದ್ರನ ನಕ್ಷೆ ತೆಗೆಯುವ ಕೆಲಸ ಮುಗಿಸಿ, ಜಿಯೋಗ್ರಾಫೋಸ್ ಎಂಬ ಕ್ಷುದ್ರಗ್ರಹದತ್ತ ಹೋಗಬೇಕಾಗಿತ್ತು. ಮೇ 7ರಂದು ಅದರ ಕಂಪ್ಯೂಟರ್ ದಾರಿ ತಪ್ಪಿತು. ದಿಕ್ಕು ತಿದ್ದುವ ರಾಕೆಟ್ಟುಗಳು ಉರಿಯುತ್ತಲೇ ಹೋಗಿ ಇಂಧನ ಬರಿದಾಯಿತು. ನೌಕೆ ನಿಮಿಷಕ್ಕೆ ಸುಮಾರು 80 ಸುತ್ತು ತಿರುಗತೊಡಗಿತು. ಕ್ಷುದ್ರಗ್ರಹದ ಭೇಟಿ ಅಲ್ಲಿಗೇ ನಿಂತಿತು. ಪ್ರೊಸೆಸರಿನಲ್ಲಿ ಕಾವಲು ಟೈಮರ್ ಇತ್ತು; ಸಮಯ ಸಾಲದೆ, ಅದನ್ನು ಬಳಸುವ ಪ್ರೋಗ್ರಾಂ ಬರೆದಿರಲಿಲ್ಲ. ನಾಯಿ ಇತ್ತು, ಸರಪಳಿ ಬಿಚ್ಚಿರಲಿಲ್ಲ.

1997ರ ಜುಲೈ 4ರಂದು ಮಂಗಳಕ್ಕೆ ಇಳಿದ ‘ಪಾತ್‌ಫೈಂಡರ್’ ಕತೆ ಬೇರೆ. ಕೆಲವೇ ದಿನಗಳಲ್ಲಿ ಅದು ಮತ್ತೆ ಮತ್ತೆ ತಾನಾಗಿಯೇ ಪುನರಾರಂಭವಾಗತೊಡಗಿತು. ಹವಾಮಾನದ ಅಳತೆ ಸಂಗ್ರಹಿಸುವ ಕೆಳದರ್ಜೆಯ ಕೆಲಸವೊಂದು ಬೀಗ ಹಿಡಿದಿರುವಾಗ ನಡುದರ್ಜೆಯ ಕೆಲಸ ಅದನ್ನು ತಡೆಯುತ್ತಿತ್ತು; ಆ ಬೀಗಕ್ಕಾಗಿ ಮೇಲ್ದರ್ಜೆಯ ಕೆಲಸ ಕಾದು ನಿಲ್ಲುತ್ತಿತ್ತು. ಗಡುವು ತಪ್ಪಿದ್ದನ್ನು ಕಂಡ ಕಾವಲು ಏರ್ಪಾಡು ಯಂತ್ರವನ್ನು ಮರಳಿ ಎಬ್ಬಿಸುತ್ತಿತ್ತು. ಆ ದಿನದ ಉಳಿದ ಕೆಲಸ ಕೆಡುತ್ತಿತ್ತು, ನೌಕೆ ಉಳಿಯುತ್ತಿತ್ತು. ಭೂಮಿಯ ಮಾತು ಅಲ್ಲಿಗೆ ಮುಟ್ಟಲು ಸುಮಾರು 10 ನಿಮಿಷ ಬೇಕಾಗಿದ್ದಾಗ ಬೇರೆ ಯಾರು ಎಬ್ಬಿಸಬೇಕು?

ತಜ್ಞರು ಇಲ್ಲಿನ ಪ್ರತಿರೂಪ ಯಂತ್ರದಲ್ಲಿ ಅದೇ ದೋಷವನ್ನು ಮರುಕಳಿಸಿ ನೋಡಿದರು. ಬೀಗ ಹಿಡಿದವನಿಗೆ, ಅದಕ್ಕಾಗಿ ಕಾಯುವವನ ದರ್ಜೆಯನ್ನೇ ತಾತ್ಕಾಲಿಕವಾಗಿ ಕೊಡುವ ತಿದ್ದುಪಡಿಯನ್ನು ಮಂಗಳಕ್ಕೆ ಕಳುಹಿಸಿದರು. 30 ದಿನಕ್ಕೆಂದು ಕಳುಹಿಸಿದ ನೌಕೆ ಸೆಪ್ಟೆಂಬರ್ 27ರವರೆಗೂ ಮಾತನಾಡಿತು.

ಕಾವಲುಗಾರ ರೋಗ ವಾಸಿ ಮಾಡುವ ವೈದ್ಯನಲ್ಲ. ವೈದ್ಯ ಬರುವ ತನಕ ಜೀವ ಹಿಡಿದಿಡುವವನು. ಪಾತ್‌ಫೈಂಡರಿನ ತಜ್ಞರು ಅವನ ಕೂಗು ಕೇಳಿ ಕಾರಣ ಹುಡುಕಿದರು. ತಂತಿ ಬಂದ ದಿನವೇ ನಾವೂ ಅಲ್ಲವೇ ಕಾಗದ ಬರೆಯಲು ಕೂರುತ್ತಿದ್ದುದು?